ಮಾವನ ಗಿಟಾರು, ನನ್ನ ಬಲಗೈ ಉಗುರು

ಗಿಟಾರ್ ಕಲಿಯುವವರಿಗೆ ಯಾವ ಊರಲ್ಲಾದರೂ ಬೆರಳು ನೋಯುತ್ತವೆ. ನಮ್ಮ ಕಡೆ ಕಲಿತರೆ ಬೆರಳಿಗಿಂತ ಮೊದಲು ಮರ್ಯಾದೆ ನೋಯುತ್ತದೆ. ಎಪ್ಪತ್ತರ ದಶಕದಲ್ಲಿ ನಾನು ದನದ ದವಾಖಾನೆಯ ಕಂಪೌಂಡರ್ ಆಗಿ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಎಂದು ನಾಲ್ಕು ತಾಲೂಕು ತಿರುಗಿದೆ. ಹೋದಲ್ಲೆಲ್ಲ ಟ್ರಂಕಿನ ಜೊತೆ ಗಿಟಾರು ಬಂತು, ಗಿಟಾರಿನ ಹಿಂದೆ ಫಜೀತಿ ಬಂತು. ಒಂದೂರಿನದು ಮುಗಿಯಿತು ಎನ್ನುವಷ್ಟರಲ್ಲಿ ಮುಂದಿನ ಊರಿನದು ಬಸ್ ಸ್ಟ್ಯಾಂಡಿನಲ್ಲೇ ಕಾಯುತ್ತಿರುತ್ತಿತ್ತು.

೧. ಕರಾರು

ಅವ್ವನ ತಮ್ಮ, ಅಂದರೆ ನನ್ನ ಸೋದರಮಾವ, ಮುಂಬೈ ಬಂದರಿನಲ್ಲಿ ಹಡಗಿನ ಮಾಲು ಇಳಿಸುವ ಕೆಲಸದಲ್ಲಿದ್ದವನು. ಅಲ್ಲಿ ಸ್ಪೇನ್ ದೇಶದ ಖಲಾಸಿಯೊಬ್ಬ ಇವನಿಗೆ ದೋಸ್ತನಾಗಿ, ಬಂದಾಗಲೆಲ್ಲ ತಮ್ಮ ಕಡೆಯ ಫ್ಲಮೆಂಕೊ ಎಂಬ ಬಾರಿಸುವ ರೀತಿಯನ್ನು ಕಲಿಸಿದನಂತೆ. ಕೊನೆಯ ಸಲ ಬಂದಾಗ ಗಿಟಾರನ್ನೇ ಬಿಟ್ಟು ಹೋದನಂತೆ. ಮಾವ ಇಂಡಿಗೆ ಮರಳಿ ನಿಂಬೆ ತೋಟ ಹಾಕಿದ. ಒಂದು ಸಂಜೆ ತೋಟದ ಗುಡಿಸಲಲ್ಲಿ ಕುಳಿತು, ಉದ್ದ ಉಗುರು ಬಿಟ್ಟ ಬಲಗೈ ಬೆರಳುಗಳನ್ನು ಒಂದರ ಹಿಂದೊಂದು ತಂತಿಗಳ ಮೇಲೆ ಚಿಮ್ಮಿಸಿದ. ನನಗೆ ಮೈ ಜುಮ್ಮೆಂದಿತು. ಅದೊಂದೇ ವಾದ್ಯದಲ್ಲಿ ಹಾಡೂ ಇತ್ತು, ಹಲಗೆಯೂ ಇತ್ತು, ಜಗಳವೂ ಇತ್ತು. ಕಲಿತರೆ ಇದನ್ನೇ ಕಲಿಯಬೇಕು ಎಂದುಕೊಂಡೆ.

ಇನ್ನೊಂದು ಆಸೆಯೂ ಇತ್ತು. ಮಾವನ ಮಗಳ ಮೇಲೆ ನನಗೆ ಬಹಳ ಜೀವ, ಅವಳಿಗೂ ನನ್ನ ಮೇಲೆ. ನಮ್ಮ ಕಡೆ ಸೋದರಮಾವನ ಮಗಳನ್ನು ತರುವುದು ರೂಢಿಯೇ. ಎರಡೂ ಆಸೆಯನ್ನು ಒಂದೇ ಉಸಿರಿಗೆ ಹೇಳಿಬಿಟ್ಟೆ.

“ಕಲಸ್ತೇನಿ. ಗಿಟಾರ ನೀನ ಇಟ್ಕೋ, ಮಗಳನ್ನೂ ಕೊಡ್ತೇನಿ,” ಎಂದ ಮಾವ. “ಆದ್ರ ಒಂದು ಕರಾರ. ಮದುವಿ ದಿನ ಹಂದರದಾಗ ಮಂದಿ ಎದುರು ಕುಂತು, ತಪ್ಪಿಲ್ಲದ ಬಾರಸಬೇಕು. ಬಾರಿಸಿದ್ರ ಅಕ್ಕಿಕಾಳ ಬೀಳ್ತಾವ, ಇಲ್ಲಂದ್ರ ಇಲ್ಲ. ಅಲ್ಲೀತನಕ ಬಲಗೈ ಉಗುರ ಜ್ವಾಕಿ. ಉಗುರ ಹೋದ್ರ ಬಾರಸೋದು ಹೋತು, ಬಾರಸೋದು ಹೋದ್ರ ಹುಡುಗಿ ಹೋದ್ಲು.”

ಕುಣಿಯುತ್ತ ಮನೆಗೆ ಬಂದು ಅವ್ವನಿಗೆ ಹೇಳಿದೆ. ಅವ್ವ ಜೋಳ ಹಸನು ಮಾಡುತ್ತಿದ್ದಳು, ತಲೆ ಎತ್ತಲಿಲ್ಲ. “ಉಳದವರು ಹೆಣ್ಣು ಕೇಳಾಕ ಹೋಗಿ ಹೊಲ ತೋರಸ್ತಾರ. ನೀ ಉಗುರ ತೋರಸು,” ಎಂದಳು.

೨. ಎಡಗೈ ಗುಣ

ಸಿಂದಗಿಯಲ್ಲಿ ನನಗೆ ಬಿದ್ದ ದೊಡ್ಡ ಕೆಲಸವೆಂದರೆ ಎಮ್ಮೆ ಗಬ್ಬವಾಗಿದೆಯೋ ಇಲ್ಲವೋ ನೋಡುವುದು. ಅದಕ್ಕೆ ಎಮ್ಮೆಯ ಹಿಂದೆ ನಿಂತು ಮೊಣಕೈ ಮುಳುಗುವ ತನಕ ಕೈ ಒಳಗೆ ಹಾಕಬೇಕು. ಉಗುರು ಬಿಟ್ಟ ಕೈ ಹಾಕಿದರೆ ಎಮ್ಮೆಗೆ ಗಾಯ. ಡಾಕ್ಟರ್ ಸಾಹೇಬರು ನನ್ನ ಬಲಗೈ ನೋಡಿದವರೇ ಕತ್ತರಿ ತರಿಸಿದರು.

“ಸಾಹೇಬ್ರ, ಇವನ್ನ ತಗದ್ರ ನನ್ನ ಮದುವಿ ತಪ್ಪತೈತ್ರಿ,” ಎಂದು ಇದ್ದದ್ದನ್ನೆಲ್ಲ ಹೇಳಿದೆ.

ಅವರು ಕತ್ತರಿ ಕೆಳಗಿಟ್ಟರು. “ಹಂಗಾದ್ರ ಎಡಗೈಲೆ ನೋಡು. ಒಬ್ಬ ರೈತ ತಕರಾರ ತಗದ್ರೂ ಉಗುರ ನಾನ ತೆಗೀತೇನಿ.”

ಮೊದಲ ರೈತನೇ ತಕರಾರಿಗೆ ನಿಂತ. “ಒಳ್ಳೇ ಕೆಲಸಕ್ಕ ಎಡಗೈ ಹಚ್ತೀರೇನ್ರಿ? ಇದು ಕೋಣಗರ ಹಾಕಿದ್ರ ತಂದು ನಿಮ್ಮ ದವಾಖಾನಿ ಮುಂದ ಕಟ್ತೇನಿ ನೋಡ್ರಿ.” ಅವನಿಗೆ ಬೇಕಾದದ್ದು ಹಾಲಿಗೆ ಬರುವ ಹೆಣ್ಣುಕರು. ಸಾಹೇಬರು, ಈಯುವ ತನಕ ನೋಡೋಣ ಎಂದರು. ಅಲ್ಲಿಂದ ನಾನು ಸಂಜೆ ಗಿಟಾರ್ ಬಾರಿಸುವುದು, ಬೆಳಿಗ್ಗೆ ಆ ಎಮ್ಮೆಯ ಯೋಗಕ್ಷೇಮ ಕೇಳುವುದು. ಯಾರ ಮನೆಯ ಬಸುರಿಗೂ ಇಷ್ಟು ಹರಕೆ ಹೊತ್ತವನಲ್ಲ.

ಎಮ್ಮೆ ಹೆಣ್ಣುಕರು ಹಾಕಿತು. ರೈತ ಗಿಣ್ಣ ತಂದು ಕೊಟ್ಟು, ಊರೂರಿಗೆ ಸುದ್ದಿ ಹಬ್ಬಿಸಿದ. ಮುಂದೆ ಬಂದವರೆಲ್ಲ “ನಮ್ಮ ಎಮ್ಮಿಗೂ ಎಡಗೈಲೇ ನೋಡ್ರಿ” ಎನ್ನತೊಡಗಿದರು. ನಾನು ರಜೆಯಲ್ಲಿದ್ದ ದಿನ ಸಾಹೇಬರು ಬಲಗೈ ತೋಳು ಏರಿಸಿದರೆ, ಎಮ್ಮೆ ಹೊಡೆದುಕೊಂಡು ವಾಪಸು ಹೋದವರೂ ಇದ್ದಾರೆ.

“ನಿನ್ನ ಮದುವಿ ಸಲುವಾಗಿ,” ಎಂದರು ಸಾಹೇಬರು, “ಈ ವಯಸ್ಸಿನ್ಯಾಗ ನಾ ಎಡಗೈ ರೂಢಿ ಮಾಡ್ಕೊಳ್ಳಾಕತ್ತೇನಿ.”

೩. ಬಾಗಿಲು ಬಡಿದ ಅಳಿಯ

ಮುದ್ದೇಬಿಹಾಳದಲ್ಲಿ ಒಬ್ಬ ಅಜ್ಜಿಯ ಮನೆಯ ಮುಂದಿನ ಖೋಲಿ ಬಾಡಿಗೆಗೆ ಸಿಕ್ಕಿತು. ಫ್ಲಮೆಂಕೊದಲ್ಲಿ ತಂತಿ ಮೀಟುತ್ತಲೇ ನಡುನಡುವೆ ಬೆರಳಿನಿಂದ ಗಿಟಾರಿನ ಕಟ್ಟಿಗೆಯನ್ನು ಟಕ್ಕೆಂದು ಬಡಿಯಬೇಕು. ನಾನು ಬಡಿದಾಗಲೆಲ್ಲ ಅಜ್ಜಿ “ಬಂದೆ, ಬಂದೆ” ಎನ್ನುತ್ತ ಹಂಚಿನ ಮೇಲೆ ರೊಟ್ಟಿ ಬಿಟ್ಟು ಬಂದು ಬಾಗಿಲು ತೆರೆಯುವಳು. ಯಾರೂ ಇರುತ್ತಿರಲಿಲ್ಲ. ಒಳಗೆ ರೊಟ್ಟಿ ಕರಕಾಗುತ್ತಿತ್ತು.

ಕೆಲವು ದಿನಗಳಲ್ಲಿ ಅಜ್ಜಿಗೆ ಗುಟ್ಟು ತಿಳಿಯಿತು. ಆಮೇಲೆ ಅವಳು ಏಳುವುದನ್ನೇ ಬಿಟ್ಟಳು. ನನ್ನ ಲಯಕ್ಕೆ ಸರಿಯಾಗಿ ರೊಟ್ಟಿ ಬಡಿಯಲೂ ಶುರುಮಾಡಿದಳು. ಅವಳು ತಟ್ಟುವುದು, ನಾನು ಮೀಟುವುದು, ಅಂಥ ಜೊತೆ ನನಗೆ ಮತ್ತೆಲ್ಲೂ ಸಿಗಲಿಲ್ಲ. ಎಷ್ಟೋ ಸಲ ಖುಷಿ ತಡೆಯಲಾರದೆ ಒಳಗೇ ಎದ್ದು ಓಡಾಡಿದ್ದೇನೆ.

ಒಂದು ಮಧ್ಯಾಹ್ನ ದವಾಖಾನೆಯಿಂದ ಊಟಕ್ಕೆ ಬರುತ್ತೇನೆ, ಅಜ್ಜಿಯ ಅಳಿಯ ತಲೆಗೆ ರೇಷ್ಮೆ ಪಟಕ ಸುತ್ತಿಕೊಂಡು ಬಿಸಿಲಲ್ಲಿ ನಿಂತಿದ್ದಾನೆ. ಮದುವೆಯಾದ ಮೇಲೆ ಮೊದಲ ಸಲ ಒಬ್ಬನೇ ಅತ್ತೆಯ ಮನೆಗೆ ಬಂದವನು. ಮುಖ ಕೆಂಪಾಗಿತ್ತು. ಛತ್ರಿಯ ಹಿಡಿಕೆಯಿಂದ ದಬದಬ ಬಾಗಿಲು ಬಡಿಯುತ್ತಿದ್ದ.

ಒಳಗಿನಿಂದ ಅಜ್ಜಿಯ ದನಿ ಕೇಳಿಸಿತು. “ಕಂಪೌಂಡರ್ರ, ಇವತ್ತ ಭಾಳ ತಾಳ ತಪ್ಪಾಕತ್ತೀರಿ. ಮತ್ತ ಮೊದಲಿಂದ ಬಾರಸ್ರಿ.”

೪. ಕೃಷ್ಣೆಯ ತಂತಿ

ಬಸವನ ಬಾಗೇವಾಡಿಗೆ ವರ್ಗವಾದ ವಾರವೇ ಗಿಟಾರಿನ ಸಣ್ಣ ತಂತಿ ಹರಿಯಿತು. ಅದು ಉಕ್ಕಿನದಲ್ಲ, ನೈಲಾನಿನದು. ವಿಜಾಪುರದ ಅಂಗಡಿಗಳಲ್ಲಿ ಕೇಳಿದರೆ ಹಾರ್ಮೋನಿಯಂ ಪೇಟಿ ಒಯ್ಯಿರಿ ಎಂದರು. ಆಗ ನಿಡಗುಂದಿ ಕಡೆ ಕೃಷ್ಣೆಯಲ್ಲಿ ಮೀನು ಹಿಡಿಯುವವರ ಬಳಿ ನೈಲಾನ್ ದಾರವಿರುವುದು ನೆನಪಾಗಿ ಗಿಟಾರು ಹಿಡಿದುಕೊಂಡು ಬಸ್ ಹತ್ತಿದೆ.

ಹೊಳೆಯ ದಂಡೆಯಲ್ಲಿದ್ದ ಮೀನುಗಾರ ಒಂದು ಮಾರು ದಾರ ಕೊಟ್ಟ. ಅಲ್ಲೇ ಕಟ್ಟಿ ನೋಡಿದೆ, ಗಂಟೆಯಂಥ ಸ್ವರ ಬಂತು. ಸಂತೋಷ ಮೇರೆ ಮೀರಿ, ದೋಣಿಯ ಅಂಚಿನಲ್ಲೇ ಕುಳಿತು ಬೆರಳು ಚಿಮ್ಮಿಸಿ ಬಾರಿಸಿದ್ದೇ ಬಾರಿಸಿದ್ದು. ಕಣ್ಣು ತೆರೆದಾಗ ಮೀನುಗಾರ ಬಲೆ ಸುತ್ತಿಡುತ್ತಿದ್ದ.

“ಹೆಂಗೈತ್ರಿ?” ಎಂದು ಕೇಳಿದೆ.

“ಛಲೋ ಐತ್ರಿ. ಆದ್ರ ಇನ್ನ ನಾಳೀತನಕ ಇಲ್ಲಿ ಮೀನ ಬರಂಗಿಲ್ಲ. ನಾ ಮನಿಗಿ ಹೊಂಟೆ.”

೫. ಕಾಣೆಯಾದ ಎರಡು ಮಾತ್ರೆ

ಮದುವೆಯ ದಿನ ಗೊತ್ತಾಯಿತು. ಕೈ ಓಡುತ್ತಿತ್ತು, ತಾಳ ಮಾತ್ರ ಕೂಡುತ್ತಿರಲಿಲ್ಲ. ಹೀಗೇ ಹಂದರದಲ್ಲಿ ಕುಳಿತರೆ ಹುಡುಗಿ ಕೈತಪ್ಪುವುದು ಖಂಡಿತ. ಗಾಬರಿಯಾಗಿ ಬಾಗೇವಾಡಿಯ ಭಜನಾ ಮೇಳದ ತಬಲಾ ಮಾಸ್ತರರ ಕಾಲಿಗೆ ಬಿದ್ದೆ.

“ನಿಮ್ಮ ತಾಳಕ್ಕ ಮಾತ್ರಿ ಎಷ್ಟು?”

“ಹನ್ನೆರಡ್ರಿ.”

“ಒಂದರಿಂದ ಸುರು ಆಗ್ತೈತಿ?”

“ಇಲ್ರಿ, ಹನ್ನೆರಡರಿಂದ.”

“ಮುಗಿಯೂದು?”

“ಹತ್ತಕ್ಕರಿ.”

ಮಾಸ್ತರು ಡಗ್ಗದ ಮೇಲಿನ ಕೈ ತೆಗೆದರು. “ಉಳದ ಎರಡು ಯಾರು ತಿಂದ್ರು?”

ಆದರೂ ದೊಡ್ಡ ಮನಸ್ಸು ಅವರದು. ದಿನಾ ಸಂಜೆ ಚಪ್ಪಾಳೆ ಹಾಕುತ್ತ ನನ್ನೆದುರು ಕುಳಿತರು. ಒಂದು ದಿನ ಬಾರಿಸುತ್ತಿರುವಾಗಲೇ ಹತ್ತನೆಯ ಮಾತ್ರೆ ಅದರ ಜಾಗಕ್ಕೆ ತಾನಾಗಿ ಬಂದು ಬಿತ್ತು. ಇಬ್ಬರೂ ಒಟ್ಟಿಗೇ ಭಲೆ ಎಂದೆವು. ಆ ಕ್ಷಣದ ಸುಖ ನೆನೆದರೆ ಈಗಲೂ ಮನಸ್ಸು ಕುಣಿಯುತ್ತದೆ.

ಮುಂದಿನ ಸೋಮವಾರದ ಭಜನೆಯಲ್ಲಿ ಮಾಸ್ತರು ಎರಡು ಮಾತ್ರೆ ಮೊದಲೇ ತಬಲಾ ನಿಲ್ಲಿಸಿ ನನ್ನ ಕಡೆ ನೋಡಿ ನಕ್ಕರು. ಹಾಡುವವರು ಬಾಯಿ ತೆರೆದವರು ತೆರೆದೇ ಉಳಿದರು.

೬. ಮದುಮಗನ ಉಗುರು

ಮದುವೆ ಇಂಡಿಯಲ್ಲಿ, ಮಾವನ ಮನೆ ಮುಂದಿನ ಹಂದರದಲ್ಲಿ. ನನ್ನ ಉಗುರುಗಳು ಎಮ್ಮೆ, ತಂತಿ, ಬಸ್ಸಿನ ಬಾಗಿಲು ಎಲ್ಲವನ್ನೂ ಪಾರಾಗಿ ಬಂದಿದ್ದವು. ಒಂದು ಸಂಗತಿಯನ್ನು ಮಾತ್ರ ನಾನೂ ಮಾವನೂ ಮರೆತಿದ್ದೆವು. ಅರಿಷಿಣದ ನೀರು ಹಾಕುವ ಮೊದಲು ಊರ ಕ್ಷೌರದ ಅಜ್ಜ ಬಂದು ಮದುಮಗನ ಉಗುರು ತೆಗೆಯಬೇಕು. ಆ ಶಾಸ್ತ್ರವಾಗದೆ ಅಕ್ಕಿಕಾಳು ಬೀಳುವಂತಿಲ್ಲ.

ಅಜ್ಜ ಎಡಗೈ ಮುಗಿಸಿ ಬಲಗೈ ಹಿಡಿದ. ನಾನು ಎಳೆದುಕೊಂಡೆ.

“ಅಜ್ಜಾ, ಒಂದು ಕೈ ಸಾಕು.”

“ಅರ್ಧಾ ಮದುವಿ ಮಾಡ್ಕೊಳ್ಳಾಂವೇನು?”

ಅವ್ವ ತಮ್ಮನ ಮೇಲೆ ಹರಿಹಾಯ್ದಳು. “ನಿನ್ನ ಕರಾರ ಸುಟ್ಟ ಹಾಕು.” ಮಾವ ಜಗ್ಗಲಿಲ್ಲ. “ಮಾತಂದ್ರ ಮಾತು. ಉಗುರಿಲ್ಲದ ಬಾರಿಸಿದ್ರ ಅದು ಫ್ಲಮೆಂಕೊ ಅಲ್ಲ, ಅವಲಕ್ಕಿ ಕುಟ್ಟಿದಂಗ.” ಅಜ್ಜನೂ ಜಗ್ಗಲಿಲ್ಲ. ಉಗುರು ಕೊಟ್ಟರೆ ಹುಡುಗಿ ಇಲ್ಲ, ಕೊಡದಿದ್ದರೆ ಮದುವೆಯೇ ಇಲ್ಲ. ಮದುವೆ ಮಾಡಿಸುವ ಅಯ್ಯನವರು ಮುಹೂರ್ತ ಮೀರುತ್ತಿದೆ ಎಂದು ಕೂಗತೊಡಗಿದರು. ನನಗೆ ಅಳುವೇ ಬಂತು.

ಕೊನೆಗೆ ಅಜ್ಜ ಸೊಂಟದ ಚೀಲದಿಂದ ಎಲೆ ಅಡಿಕೆ ತೆಗೆದು ಹಾಕಿಕೊಂಡು ತೀರ್ಪು ಕೊಟ್ಟ. “ಮದುಮಗಗ ಕೈ ಕೊಡಾಕ ಬರದಂಗಿದ್ರ ಅವನ ಬದಲಿ ಸೋದರಮಾವ ಕೈ ಕೊಡಬಹುದು. ನಮ್ಮಪ್ಪನ ಕಾಲದಾಗೂ ಒಮ್ಮಿ ಹಿಂಗ ಆಗಿತ್ತು.”

ಹಂದರದ ಮಂದಿಯೆಲ್ಲ ಮಾವನ ಕಡೆ ತಿರುಗಿತು. ಮಾವನ ಬಲಗೈ ಉಗುರೆಂದರೆ ಅವನ ಆಸ್ತಿ. ಮುಂಬೈಯಿಂದಲೂ ಕಾಪಾಡಿಕೊಂಡು ಬಂದವುಗಳು. ಅವುಗಳ ಸಲುವಾಗಿ ಅವನು ಜೋಳದ ರೊಟ್ಟಿಯನ್ನೂ ಎಡಗೈಯಿಂದ ಮುರಿದು ಬೈಸಿಕೊಳ್ಳುತ್ತಿದ್ದ.

ಮಾವ ಕೈಯನ್ನು ಬೆನ್ನ ಹಿಂದೆ ಇಟ್ಟುಕೊಂಡ. “ನಾ ಹೆಣ್ಣಿನ ಅಪ್ಪ ಅದೇನಿ. ನಾ ಹೆಂಗ ಬರ್ತೇನಿ?”

“ಹೆಣ್ಣಿನ ಅಪ್ಪ ಆಮ್ಯಾಲೆ, ಮೊದಲ ನನ್ನ ತಮ್ಮ,” ಎಂದಳು ಅವ್ವ. “ಚಾಚು ಕೈ.”

ಒಳಗಿನ ಬಾಗಿಲ ಮರೆಯಿಂದ ಮದುಮಗಳ ದನಿ ಬಂತು. “ಅಪ್ಪಾ, ಲಗೂ ಕೊಡ್ರಿ. ಹೊತ್ತಾಗಾಕತ್ತೈತಿ.”

ಅವಳ ಅವಸರಕ್ಕೆ ಹಂದರವೇ ನಕ್ಕಿತು. ಮಾವ ಕಣ್ಣು ಮುಚ್ಚಿ ಕೈ ಚಾಚಿದ. ಅಜ್ಜ ಒಂದನ್ನೂ ಬಿಡಲಿಲ್ಲ.

ಆಮೇಲೆ ನಾನು ಬಾರಿಸಿದೆ. ಆ ದಿನದಂತೆ ಮುಂದೆಂದೂ ಬಾರಿಸಲಿಲ್ಲ. ಬೆರಳು ಚಿಮ್ಮಿದ್ದು ಚಿಮ್ಮಿದಂತೆ, ಬಡಿದದ್ದು ಬಡಿದಂತೆ, ಹತ್ತಕ್ಕೆ ನಿಂತದ್ದು ನಿಂತಂತೆ. ಮಾವ ಎದುರು ಕುಳಿತು ಚಪ್ಪಾಳೆ ಹಾಕಿದ, ಹಾಕುತ್ತ ಅತ್ತ. ಅಕ್ಕಿಕಾಳು ಬಿದ್ದವು. ಮಗಳನ್ನು ಕಳಿಸುವ ಹೊತ್ತಿಗೂ ಅಳುತ್ತಲೇ ಇದ್ದ. ಹೆಣ್ಣುಮಕ್ಕಳೆಲ್ಲ ಸೆರಗು ಕಣ್ಣಿಗೊತ್ತಿಕೊಂಡು “ಹೆತ್ತ ಕರುಳು, ಪಾಪ” ಎಂದರು. ನಾನು ಹತ್ತಿರ ಹೋಗಿ ಸಮಾಧಾನ ಹೇಳಿದೆ.

“ಮಾವ, ಅಳಬ್ಯಾಡ್ರಿ. ಪಂಚಮಿಗಿ ಕರಕೊಂಡ ಬರ್ತೇನಿ.”

ಮಾವ ಬೋಳು ಬೆರಳುಗಳನ್ನು ನನ್ನ ಮುಖದೆದುರು ಹಿಡಿದ. “ಆಕಿ ಪಂಚಮಿಗಿ ಬರ್ತಾಳ ಬಿಡು. ಇವು ಯಾವ ಹಬ್ಬಕ್ಕ ಬರ್ತಾವ?”