ಭಾವನವರ ಎರಡನೇ ಬ್ಯಾಟರಿ

ಭೂಮಿ ತಿರುಗುತ್ತಿದೆ ಎಂಬುದೇ ನಮ್ಮ ಭಾವನವರಿಗೆ ದೊಡ್ಡ ಚಿಂತೆ. ಅದನ್ನು ಯಾರೂ ಬೆಲ್ಟು ಹಾಕಿ ಬಿಗಿದಿಲ್ಲವಲ್ಲ!

ಭಾವ ಎಂದರೆ ನನ್ನ ಅಕ್ಕನ ಗಂಡ. ಕಲ್ಯಾಣದುರ್ಗದಲ್ಲಿ ಜೀಪುಗಳಿಗೆ ವೈರಿಂಗ್ ಮಾಡುತ್ತ ಆಯಸ್ಸು ಕಳೆದವರು. ಅವರ ಮನೆಯಲ್ಲಿ ಹಾಲಿನ ಪಾತ್ರೆಯ ಮುಚ್ಚಳಕ್ಕೂ ರಬ್ಬರ್ ಪಟ್ಟಿ ಇದೆ. ಬಸ್ಸಿನಲ್ಲಿ ಚೀಲವನ್ನು ಸೀಟಿಗೆ ಕಟ್ಟುತ್ತಾರೆ. ಒಮ್ಮೆ ಪಕ್ಕದವನ ಚೀಲವನ್ನೂ ಸೇರಿಸಿ ಕಟ್ಟಿಬಿಟ್ಟಿದ್ದರು. ಆ ಗಂಟು ಬಿಚ್ಚುವಷ್ಟರಲ್ಲಿ ಪಾಪ, ಅವನ ಊರೇ ದಾಟಿಹೋಗಿತ್ತು!

ನಾನೇನು ಕಡಿಮೆಯೇ? ಹಿಂದೂಪುರದ ಹುಣಸೆಹಣ್ಣಿನ ವ್ಯಾಪಾರ ಬಿಟ್ಟ ಮೇಲೆ ಒಂದು ಹಳೆಯ ಮೋಟಾರು ದೋಣಿ ಕೊಂಡೆ. ನೀರು ಕಂಡರೆ ಫೋಟೊ ತೆಗೆಯುವ ಈ ಸೀಮೆಯಲ್ಲಿ ದೋಣಿ! ಆ ವರ್ಷ ಪರಿಗಿಯ ಕಡೆ ಕೆರೆ ತುಂಬಿತ್ತು, ನನ್ನ ತಲೆಯೂ ತುಂಬಿತ್ತು. ದೋಣಿಗೆ ದೀಪ, ಹಾಡಿನ ಪೆಟ್ಟಿಗೆ, ನೀರು ಹೊರಹಾಕುವ ಸಣ್ಣ ಪಂಪು ಎಲ್ಲ ಜೋಡಿಸಿದೆ. ಇದ್ದ ಒಂದೇ ಬ್ಯಾಟರಿಯನ್ನು ಅವೆಲ್ಲ ಸೇರಿ ನೆಕ್ಕಿಬಿಡುತ್ತಿದ್ದವು. ಎರಡು ಸಲ ನಡುಕೆರೆಯಲ್ಲಿ ಇಂಜಿನ್ ಸ್ಟಾರ್ಟೇ ಆಗಲಿಲ್ಲ. ಮೀನು ಹಿಡಿಯುವವರು ಹಗ್ಗ ಕಟ್ಟಿ ದಡಕ್ಕೆ ಎಳೆದು ತಂದರು.

ಇನ್ನೊಂದು ಬ್ಯಾಟರಿ ಬೇಕೇ ಬೇಕಾಯಿತು. ಊರಿನ ಮೆಕ್ಯಾನಿಕ್ಕು "ಅರಗಂಟ ಪನಿ ಸಾರ್" ಎಂದ. ಅರ್ಧ ಗಂಟೆಯ ಕೆಲಸವಂತೆ. ನನ್ನ ಹೆಂಡತಿ ಒಪ್ಪಲಿಲ್ಲ. "ಅಣ್ಣನ್ನೇ ಕರೆಸ್ರಿ" ಎಂದಳು. ಭಾವನವರನ್ನು ಅವಳು ಅಣ್ಣ ಎನ್ನುತ್ತಾಳೆ.

ಅಣ್ಣ ಬಂದರು. ಅರ್ಧ ಗಂಟೆಯ ಕೆಲಸಕ್ಕೆ ಮೂರು ದಿನ ತೆಗೆದುಕೊಂಡರು!

ಮೊದಲ ದಿನ ನನ್ನ ಉಂಗುರ, ಗಡಿಯಾರ ಬಿಚ್ಚಿಸಿದರು. ಉಡಿದಾರದ ಮೇಲೂ ಕಣ್ಣು ಹಾಕಿದರು.

"ಅದು ಬೆಳ್ಳೀದು ಭಾವ, ಪಂಚೆ ಒಳಗೈತೆ."

"ಕರೆಂಟಿಗೆ ನಾಚಿಕೆ ಇಲ್ಲ ಕಣಯ್ಯ, ಬಿಚ್ಚು!"

ಎರಡನೆಯ ದಿನ ಎರಡೂ ಬ್ಯಾಟರಿಗಳ ನಡುವೆ ಒಂದು ಸ್ವಿಚ್ಚು ಕೂರಿಸಿದರು. "ಇವೆರಡೂ ಒಂದೇ ಮನೆ ವಾರಗಿತ್ತೀರು ಇದ್ದಂಗೆ. ಒಬ್ಬಳು ಇಂಜಿನ್ನಿಗೆ, ಒಬ್ಬಳು ನಿನ್ನ ಹಾಡಿಗೆ. ಒಬ್ಬಳ ಡಬ್ಬಿಗೆ ಇನ್ನೊಬ್ಬಳು ಕೈ ಹಾಕಬಾರದು." ಹೊಸ ಬ್ಯಾಟರಿಯ ಪಾಸಿಟಿವ್‌ನಿಂದ ಒಂದು ಗೇಣೊಳಗೆ ಫ್ಯೂಸು ಹಾಕಿದರು. ತುದಿಗಳಿಗೆ ರಬ್ಬರ್ ಟೋಪಿ ತೊಡಿಸಿದರು. ಪ್ಲಾಸ್ಟಿಕ್ ಪೆಟ್ಟಿಗೆಯಲ್ಲಿಟ್ಟು, ಬೆಲ್ಟು ಬಿಗಿದು, ನಾಲ್ಕು ಜನರಿಂದ ದೋಣಿ ಅಲ್ಲಾಡಿಸಿದರು. ಅಲ್ಲಾಡಿಸಿದವರಲ್ಲಿ ಒಬ್ಬ ನೀರಿಗೆ ಬಿದ್ದ, ಬ್ಯಾಟರಿ ಕದಲಲಿಲ್ಲ!

ಪೆಟ್ಟಿಗೆಯ ಮುಚ್ಚಳಕ್ಕೆ ತೂತು ಕೊರೆಯುವಾಗ ನಾನು ಕೇಳಿದೆ, "ಯಾಕೆ ಭಾವ, ಅದಕ್ಕೂ ಉಸಿರು ಕಟ್ಟತೈತಾ?"

"ಚಾರ್ಜ್ ಆಗೋವಾಗ ಗ್ಯಾಸು ಬತ್ತೈತೆ. ಕಣ್ಣಿಗೆ ಕಾಣಕಿಲ್ಲ. ಒಂದು ಕಿಡಿ ತಾಕಿದ್ರೆ ಬಾಂಬು."

ನಾನು ನಕ್ಕೆ. ಆ ನಗುವಿಗಾಗಿಯೇ ಇದನ್ನು ಬರೆಯುತ್ತಿದ್ದೇನೆ.

ಮೂರನೆಯ ದಿನ ಬೆಳಿಗ್ಗೆ ಪೂಜೆ. ನಮ್ಮಲ್ಲಿ ಹೊಸ ಯಂತ್ರ ಬಂದರೆ ಕುಂಕುಮವಿಟ್ಟು ಆರತಿ ಎತ್ತದೆ ಮುಟ್ಟುವವರುಂಟೇ? ದಡಕ್ಕೆ ಎಳೆದಿದ್ದ ದೋಣಿಯ ಸುತ್ತ ಬಂಧುಗಳು ನೆರೆದಿದ್ದರು. ಭಾವ ಪಂಪ್‌ಶೆಡ್ಡಿನಿಂದ ವೈರು ಎಳೆದು ಹೊಸ ಬ್ಯಾಟರಿಯನ್ನು ಚಾರ್ಜಿಗೆ ಹಾಕಿದ್ದರು. "ನಾನು ಬರೋಗಂಟ ಮುಟ್ಟಬೇಡ" ಎಂದು ಹೇಳಿ ಭಾವ ಗಡ್ಡ ಹೆರೆದುಕೊಳ್ಳಲು ಹೋದರು. ನನಗೆ ಅವಸರ. ಮುಚ್ಚಿದ ಪೆಟ್ಟಿಗೆಗೆ ಪೂಜೆ ಮಾಡುವುದು ಹೇಗೆ? ಬೆಲ್ಟು ಬಿಚ್ಚಿ ಮುಚ್ಚಳ ತೆಗೆದೆ. ಚಾರ್ಜು ಇನ್ನೂ ಏರುತ್ತಲೇ ಇತ್ತು. ಹೆಂಡತಿ ಕುಂಕುಮ ಇಡಲು ಅದರ ಮೇಲೆ ಬಗ್ಗಿದಳು. ನಾನು ಪಕ್ಕದ ಹಲಗೆಯ ಮೇಲೆ ತಟ್ಟೆಯಿಟ್ಟು ಕರ್ಪೂರ ಹಚ್ಚಿದೆ.

ಅರ್ಧ ಮುಖಕ್ಕೆ ನೊರೆ ಮೆತ್ತಿಕೊಂಡೇ ಭಾವ ಓಡಿ ಬಂದರು. ಬರಿಗಾಲಲ್ಲಿ ಒದ್ದರು! ಉರಿಯುವ ತಟ್ಟೆ ಕೆರೆಗೆ ಹಾರಿತು. ಹೆಂಡತಿಯ ರಟ್ಟೆ ಹಿಡಿದು ಎಳೆದರು, ಅವಳು ಕೆಸರಿಗೆ ಬಿದ್ದಳು.

"ಗ್ಯಾಸು ಕಣಯ್ಯ, ಗ್ಯಾಸು!" ಎಂದರು.

ನನಗೆ ಕೇಳಿಸಿದ್ದು ನೆಂಟರ ನಗು ಮಾತ್ರ. ಅಕ್ಕನ ಮದುವೆಯಲ್ಲಿ, ತಂದೆ ಇಲ್ಲದ ಮನೆಯ ಹಿರಿಮಗನಾಗಿ, ಅವರ ಕಾಲು ತೊಳೆದವನು ನಾನು. ಅದೇ ನಾನು ಎಲ್ಲರೆದುರು, "ದೇವರ ತಟ್ಟೆಗೆ ಒದ್ದ ಕಾಲು ಹುಳ ಬಿದ್ದು ಹೋಗ್ಲಿ! ನಮ್ಮ ಹೊಸ್ತಿಲು ತುಳೀಬೇಡಿ" ಎಂದೆ. ಭಾವ ಮೊದಲು ಚಾರ್ಜರ್ ಆರಿಸಿದರು. ಮುಖದ ನೊರೆ ಒರೆಸಿಕೊಂಡು, ಉಣ್ಣದೆ, ಕಲ್ಯಾಣದುರ್ಗದ ದಾರಿ ಹಿಡಿದರು.

ಆಮೇಲೆ ಹಿಂದೂಪುರದ ತುಂಬ ಅವರ ಹುಚ್ಚಿನ ಕಥೆ ಹೇಳಿ ನಗಿಸಿದೆ. ದೋಣಿ ಮಾತ್ರ ಒಂದು ಸಲವೂ ಕೆಡಲಿಲ್ಲ. ಅದರಲ್ಲೇ ಕೂತು ಅವರನ್ನು ಆಡಿಕೊಂಡೆ!

ಏಳೆಂಟು ತಿಂಗಳ ನಂತರ ಕೊಡಿಕೊಂಡ ಚೆಕ್‌ಪೋಸ್ಟಿನ ಡಾಬಾದಲ್ಲಿ ಚಹಾ ಕುಡಿಯುತ್ತಿದ್ದೆ. ಎದುರಿಗೆ ಒಬ್ಬ ಲಾರಿ ಡ್ರೈವರು ಬಾಯಲ್ಲಿ ಬೀಡಿ ಇಟ್ಟುಕೊಂಡೇ, ಚಾರ್ಜಿಗೆ ಹಾಕಿದ್ದ ಬ್ಯಾಟರಿಯನ್ನು ಬಗ್ಗಿ ನೋಡಿದ. ಢಮ್ಮೆಂದಿತು. ಮುಖ ಮುಚ್ಚಿಕೊಂಡು "ನಾ ಕಳ್ಳು! ನಾ ಕಳ್ಳು!" ಎಂದು ತೆಲುಗಿನಲ್ಲಿ ಕೂಗುತ್ತ ಬಿದ್ದ. ಕಳ್ಳು ಎಂದರೆ ಕಣ್ಣುಗಳು; ಅವಕ್ಕೆ ಆಸಿಡ್ ಸಿಡಿದಿತ್ತು. ಡಾಬಾದವರು ಕೊಡಗಟ್ಟಲೆ ನೀರು ಸುರಿದು ಆಸ್ಪತ್ರೆಗೆ ಒಯ್ದರು. ಒಂದೇ ಕಣ್ಣು ಉಳಿಯಿತೆಂದು ಆಮೇಲೆ ತಿಳಿಯಿತು.

ಅಂದು ಕೆರೆಯ ದಡದಲ್ಲಿ ನನ್ನ ಹೆಂಡತಿಯ ಮುಖ ಬ್ಯಾಟರಿಯಿಂದ ಒಂದು ಗೇಣು ಮೇಲಿತ್ತು. ಚಹಾ ಅಲ್ಲೇ ಬಿಟ್ಟು ಎದ್ದೆ.

ಮರುದಿನವೇ ಅವಳನ್ನು ಕರೆದುಕೊಂಡು ಕಲ್ಯಾಣದುರ್ಗದ ಬಸ್ಸು ಹತ್ತಿದೆ. ಕ್ಷಮೆಯ ಮಾತನ್ನು ದಾರಿಯುದ್ದಕ್ಕೂ ಬಾಯಿಪಾಠ ಮಾಡಿದೆ. ಭಾವ ಜಗಲಿಯ ಮೇಲೆ ಕಾಲು ಚಾಚಿ ಕೂತಿದ್ದರು. ನಮ್ಮನ್ನು ಕಂಡು ಕಾಲನ್ನು ಪಂಚೆಯೊಳಗೆ ಎಳೆದುಕೊಂಡರು.

"ಏನು ಮುಚ್ಚಿಟ್ಕಂತೀರಿ?" ಎಂದು ಒಳಗಿನಿಂದ ಬಂದ ಅಕ್ಕ ನನ್ನತ್ತ ತಿರುಗಿದಳು. "ಕರ್ಪೂರ ಬೆರಳಿಗೆ ಅಂಟ್ಕಂಡು ಉರಿದಿತ್ತಂತೆ ಕಣೋ. ಸಕ್ಕರೆ ಕಾಯಿಲೆ ಬೇರೆ, ಗಾಯ ಮಾಯಾಕೆ ಆರು ತಿಂಗಳಾಯ್ತು. ನಿಂಗೆ ಹೇಳಬಾರದು ಅಂತ ಆಣೆ ಹಾಕಿಸ್ಕಂಡಿದ್ರು."

ನಾನು ಹಾಕಿದ ಶಾಪ ಅವರಿಗೆ ನೆನಪಿತ್ತು. ಅದು ಫಲಿಸಿತೆಂದು ನನಗೆ ಅನ್ನಿಸಬಾರದಲ್ಲ, ಅದಕ್ಕೆ!

ಬಾಯಿಪಾಠ ಮರೆತುಹೋಯಿತು. ಅಲ್ಲೇ ನೆಲದ ಮೇಲೆ ಕೂತೆ. ಭಾವನವರು ಮುಜುಗರದಿಂದ, "ಏ, ಎದ್ದೇಳಯ್ಯ, ಊಟದ ಹೊತ್ತಾಯ್ತು" ಎಂದರು.

ನನ್ನ ಹೆಂಡತಿ ಪಂಚೆ ಸರಿಸಿ, "ಎಲ್ಲಣ್ಣಾ, ತೋರಿಸು" ಎಂದು ಆ ಬೆರಳ ಮೇಲೆ ಬಗ್ಗಿ, ಕಣ್ಣರಳಿಸಿ ನೋಡಿದಳು. ಎರಡೂ ಕಣ್ಣಿನಿಂದ.