ದೇವದುರ್ಗ, ಮಾನ್ವಿ ರಸ್ತೆಗಳ ಧೂಳಿನವರಿಗೆ ಮೋಟಾರು ತೊಳೆಯುವವನ ಅರಿಕೆ

ಸ್ಟೇಷನ್ ರಸ್ತೆ, ರಾಯಚೂರು
ಫಸಲಿ ೧೩೫೫, ಶಿವರಾತ್ರಿ ಕಳೆದ ಮೂರನೆಯ ಮಂಗಳವಾರ

ದೇವದುರ್ಗ ಮತ್ತು ಮಾನ್ವಿಯ ರಸ್ತೆಗಳಲ್ಲಿ ವಾಸವಾಗಿರುವ, ಗಾಳಿಗೆ ಏಳುವ, ಗಾಲಿಗೆ ಅಂಟುವ, ಕರೆಯದೆ ಬಂದು ಕಳಿಸದೆ ಹೋಗದ ಸಮಸ್ತ ಧೂಳಿನವರ ಸನ್ನಿಧಾನಕ್ಕೆ,

ಮಾನ್ಯರೇ,

ತಾವು ಕ್ಷೇಮವೆಂದು ನಂಬಿದ್ದೇನೆ. ನಂಬುವುದೇನು, ಬೆಳಗ್ಗೆ ಎದ್ದು ಕಣ್ಣುಜ್ಜಿಕೊಂಡಾಗಲೇ ತಮ್ಮ ಕ್ಷೇಮಸಮಾಚಾರ ನನಗೆ ತಲುಪಿದೆ. ತಮ್ಮ ವಿಳಾಸ ಅಂಚೆಯವರಿಗೆ ಗೊತ್ತಿಲ್ಲದ ಕಾರಣ ಈ ಪತ್ರವನ್ನು ವಾಚನಾಲಯದ ಹೊರಗಿನ ಹಲಗೆಗೆ ಅಂಟಿಸುತ್ತಿದ್ದೇನೆ. ಸಂಜೆಯೊಳಗೆ ತಾವು ಅಲ್ಲಿಗೆ ಬಂದೇ ಬರುತ್ತೀರಿ ಎಂಬುದರಲ್ಲಿ ಸಂಶಯವಿಲ್ಲ. ನಮ್ಮ ವಾಚನಾಲಯಕ್ಕೆ ಇಷ್ಟು ನಿಯಮದಿಂದ ಬರುವವರು ಬೇರೊಬ್ಬರಿಲ್ಲ.

ನಾನು ಮಟಮಾರಿಯ ಉರುಕುಂದಪ್ಪ. ಏಳು ವರ್ಷ ಸಿಕಂದರಾಬಾದಿನ ಒಂದು ಮೋಟಾರು ಶೆಡ್ಡಿನಲ್ಲಿ ದೊಡ್ಡವರ ಮೋಟಾರುಗಳನ್ನು ತೊಳೆದು, ಒರೆಸಿ, ಮೇಣ ಹಚ್ಚಿ ಹೊಳಪು ತರುವ ಕೆಲಸ ಕಲಿತವನು. ಯುದ್ಧ ಮುಗಿದು ಶೆಡ್ಡು ಖಾಲಿಯಾದ ಮೇಲೆ ಇತ್ತ ಬಂದು ಎರಡು ತಿಂಗಳು ಹತ್ತಿಯ ಜಿನ್ನಿಂಗ್ ಮಿಲ್ಲಿನಲ್ಲಿ ದುಡಿದೆ. ಅಲ್ಲಿ ನನಗೆ ಹೆಸರಿರಲಿಲ್ಲ. ‘ಲೇ ಮಟಮಾರಿ’ ಎಂದರೆ ನಾನು ಓಡಿ ಬರಬೇಕು. ದೀಪಾವಳಿಯ ಮರುದಿನ ಆ ಕೆಲಸ ಬಿಟ್ಟು, ಬೇವಿನ ಮರದ ಕೆಳಗೆ ತಗಡಿನ ಚಪ್ಪರ ಹಾಕಿ, ‘ಮೋಟಾರು ತೊಳೆದು ಹೊಳಪು ಕೊಡಲಾಗುವುದು’ ಎಂಬ ಹಲಗೆಯನ್ನು ಕನ್ನಡ, ಉರ್ದು, ತೆಲುಗು ಮೂರರಲ್ಲೂ ಬರೆಸಿ ತೂಗುಹಾಕಿದೆ. ಕೋಣದ ಬೆನ್ನಿನ ಮೇಲೆ ತೊಗಲಿನ ಚೀಲದಲ್ಲಿ ನೀರು ತಂದುಕೊಡಲು ಪಖಾಲಿ ಸತ್ತಾರ್ ಸಾಬ್ ಒಪ್ಪಿದರು. ನೊರೆಗೆ ಅಂಟುವಾಳ, ಹಿತ್ತಾಳೆಗೆ ಹುಣಸೆಹಣ್ಣು, ಹೊಳಪಿಗೆ ಟರ್ಪಂಟೈನಿನಲ್ಲಿ ಕರಗಿಸಿದ ಜೇನುಮೇಣ. ಇದನ್ನೆಲ್ಲ ಸೊಂಟದ ಮೇಲೆ ಕೈಯಿಟ್ಟು ನೋಡಿದ ನನ್ನ ಹೆಂಡತಿ ಗೋಪಮ್ಮ, ‘ಯುಗಾದಿ ತನಕ ನೋಡ್ತೀನಿ. ಅಂಗಡಿ ನಿಂತ್ರ ನಿಂತಿತು, ಇಲ್ಲಂದ್ರ ಮಿಲ್ಲಿಗಿ ವಾಪಸ್ ಹೋಗಬೇಕು. ಈ ಊರಾಗ ಮೋಟಾರು ಹನ್ನೊಂದು ಅದಾವ, ನಮ್ಮ ಮನ್ಯಾಗ ಹೊಟ್ಟಿ ಎರಡು ಅದಾವ’ ಎಂದಳು. ಯುಗಾದಿಗೆ ಇನ್ನು ಹದಿನೈದು ದಿನವಿದೆ.

ಇಂಥ ಸಾಹಸಕ್ಕೆ ನಾನು ಕೈ ಹಾಕಿದ್ದು ತಮ್ಮನ್ನು ನಂಬಿ. ದೇವದುರ್ಗದ ಕಡೆ ಕೆಂಪಗೆ, ಮಾನ್ವಿಯ ಕಡೆ ಕರ‍್ರಗೆ, ಪೇಟೆಯೊಳಗೆ ಯಾವ ಬಣ್ಣವೆಂದು ಹೇಳಲಾಗದಂತೆ ತಾವು ಇಷ್ಟೊಂದು ಧಾರಾಳವಾಗಿರುವ ಜಿಲ್ಲೆಯಲ್ಲಿ ತೊಳೆಯುವವನಿಗೆ ಬರಗಾಲವೆಂಬುದಿಲ್ಲ ಎಂದು ಲೆಕ್ಕ ಹಾಕಿದ್ದೆ. ಜನ ತಮ್ಮನ್ನು ಬೇಡವೆನ್ನುತ್ತಾರೆ ಎಂದು ಎಣಿಸಿದ್ದೆ. ಅಲ್ಲೇ ತಪ್ಪಿದೆ.

ಮೊದಲ ಗಿರಾಕಿಯಾದ ಅಕ್ಕಿ ಗಿರಣಿಯ ಗಡಿಗೆಪ್ಪನವರು ತಮ್ಮ ಮೋಟಾರಿನ ಬಾನೆಟ್ಟಿನಲ್ಲಿ ಸ್ವಂತ ಮೀಸೆಯನ್ನು ಎರಡೂ ಮಗ್ಗುಲಿನಿಂದ ನೋಡಿಕೊಂಡು ಸಂತೋಷಪಟ್ಟು, ಒಬ್ಬ ಸರಕಾರಿ ಸಾಹೇಬರಿಗೆ ನನ್ನ ಹೆಸರು ಹೇಳಿದರು. ಸಾಹೇಬರ ಇಲಾಖೆ ಯಾವುದೆಂದು ನಾನು ಬರೆಯುವುದಿಲ್ಲ. ಏನು ಮಾಡುವ ಇಲಾಖೆಯೆಂದು ಸಾಹೇಬರಿಗೂ ಸರಿಯಾಗಿ ಗೊತ್ತಿದ್ದಂತೆ ಕಾಣಲಿಲ್ಲ. ಅವರು ಎಂಟು ದಿನ ದೇವದುರ್ಗದ ಹಳ್ಳಿಗಳಲ್ಲಿ ದೌರಾ, ಅಂದರೆ ತಪಾಸಣೆಯ ಪ್ರವಾಸ, ಮಾಡಿ ಬಂದಿದ್ದರು. ಬಾಗಿಲ ಸಂದಿನಲ್ಲಿ, ದೀಪಗಳ ಹಿಂದೆ, ಗಾಲಿಯ ಒಂದೊಂದು ಕಡ್ಡಿಯ ಬುಡದಲ್ಲಿ ತಾವು ಸಹಕುಟುಂಬರಾಗಿ ಕುಳಿತಿದ್ದಿರಿ. ಬೆಳಗಿನಿಂದ ಮಧ್ಯಾಹ್ನ ಮೂರು ಗಂಟೆಯವರೆಗೆ ತಮ್ಮೆಲ್ಲರನ್ನೂ ಮರ್ಯಾದೆಯಿಂದ ಕೆಳಗಿಳಿಸಿ, ಎರಡು ಕೈ ಮೇಣ ಹಚ್ಚಿ, ಮೋಟಾರನ್ನು ಕನ್ನಡಿ ಮಾಡಿ ಕಳಿಸಿದೆ.

ಮರುದಿನ ಸಾಹೇಬರ ಮೇಲಿನ ಸಾಹೇಬರು ಬಂದರು. ಪೋರ್ಚಿನಲ್ಲಿ ನಿಂತ ಮೋಟಾರನ್ನು ನೋಡಿ, ಎಂಟು ದಿನ ದೇವದುರ್ಗ ಸುತ್ತಿದ ಮೋಟಾರು ಇದೇ ಏನು ಎಂದು ಕೇಳಿದರಂತೆ. ವಾಚನಾಲಯದಲ್ಲಿರುವ, ಬಂಗಾಳಿಯಿಂದ ಕನ್ನಡಕ್ಕೆ ಬಂದ ಪತ್ತೇದಾರಿ ಕಾದಂಬರಿಯೊಂದರಲ್ಲಿ, ಜೋಡಿನ ಮಣ್ಣು ನೋಡಿ ಅದನ್ನು ಮೆಟ್ಟಿದವನು ಎಲ್ಲಿಂದ ಬಂದನೆಂದು ಹೇಳುವ ಬುದ್ಧಿವಂತನೊಬ್ಬನಿದ್ದಾನೆ. ಅಂಥವರು ಕಲಕತ್ತೆಯಲ್ಲಿ ಮಾತ್ರ ಇರುತ್ತಾರೆ ಎಂದುಕೊಂಡಿದ್ದೆ. ಸರಕಾರದಲ್ಲಿ ದೌರಾಕ್ಕೆ ತಾವೇ ಸಾಕ್ಷಿ, ತಾವೇ ರುಜು, ತಾವೇ ಮೊಹರು ಎಂಬುದು ನನಗೆ ತಿಳಿದಿರಲಿಲ್ಲ. ಸಾಹೇಬರ ಮೋಟಾರು ನಡೆಸುವ ತಾಯಣ್ಣ ಆಮೇಲೆ ಹೇಳಿದಂತೆ, ಅದಕ್ಕೂ ಹಿಂದಿನ ನಾಲ್ಕು ದೌರಾಗಳು ಊರ ಹೊರಗಿನ ಇಟ್ಟಿಗೆ ಭಟ್ಟಿಯ ಸುತ್ತ ಖಾಲಿ ಮೋಟಾರು ಓಡಿಸಿಯೇ ಮುಗಿದಿದ್ದವು, ನಾಲ್ಕರ ಭತ್ಯೆಯೂ ಮಂಜೂರಾಗಿತ್ತು. ನಿಜವಾಗಿ ಹೋದದ್ದು ಇದೊಂದೇ. ಯಾರೂ ನಂಬದೆ ಹೋದದ್ದೂ ಇದೊಂದೇ.

ತಾಯಣ್ಣ ಮೋಟಾರನ್ನು ತಂದು ನಿಲ್ಲಿಸಿ, ‘ಏನ್ ಮಾಡಿಟ್ಟಿಯೋ ಉರುಕುಂದಪ್ಪಾ! ಮೋಟಾರ ತೊಳಿ ಅಂದ್ರ ಸಾಹೇಬ್ರ ದೌರಾನ ತೊಳದ ಬಿಟ್ಟೆಲ್ಲೋ! ನೀವು ನೋಡಿದ್ದು ಬ್ಯಾರೇದವರ ಮೋಟಾರು, ನಂದು ಹಿಂದಿನಿಂದ ಬರಾಕತ್ತದ ಅಂತ ನಮ್ಮ ಸಾಹೇಬ್ರು ದೊಡ್ಡ ಸಾಹೇಬ್ರಿಗೆ ಹೇಳ್ಯಾರ. ದೊಡ್ಡ ಸಾಹೇಬ್ರು ಊಟ ಮಾಡಿ ಏಳೂದ್ರೊಳಗ ಧೂಳು ವಾಪಸ್ ಹಚ್ಚು’ ಎಂದ.

ತಮ್ಮನ್ನು ಇಳಿಸುವುದನ್ನು ಏಳು ವರ್ಷ ಕಲಿತಿದ್ದೆ. ಏರಿಸುವುದನ್ನು ಯಾರೂ ಕಲಿಸಿರಲಿಲ್ಲ. ಕೈಯಲ್ಲಿ ತೂರಿದರೆ ಮೇಣದ ಮೇಲಿಂದ ಜಾರಿ ನೆಲಕ್ಕಿಳಿದಿರಿ. ಬೆಲ್ಲದ ನೀರು ಚಿಮುಕಿಸಿ ತೂರಿದೆ. ತಾವು ನಿಂತಿರಿ, ಜೊತೆಗೆ ನೊಣಗಳೂ ನಿಂತವು. ಕಡೆಗೆ ಗೋಪಮ್ಮ ಅನ್ನ ಬಸಿದ ಗಂಜಿಯನ್ನು ತೆಳ್ಳಗೆ ಸವರಿ, ಹಿಟ್ಟಿನ ಜರಡಿಯಿಂದ ತಮ್ಮನ್ನು ಉದುರಿಸಿದಳು. ಆದರೆ ಯಾವ ಊರಿನ ಧೂಳು? ಸ್ಟೇಷನ್ ರಸ್ತೆಯ ಧೂಳು ಹಚ್ಚಿ ದೇವದುರ್ಗ ಎನ್ನಲು ನನ್ನ ಮನಸ್ಸು ಒಪ್ಪಲಿಲ್ಲ. ಆಗ ಸತ್ತಾರ್ ಸಾಬ್, ‘ಅರೆ ಭಾಯಿ, ದೇವದುರ್ಗದ ಇದ್ದಿಲು ಬಸ್ಸು ಈಗ ಬಂದು ನಿಂತದ. ಅದರ ನೆತ್ತಿ ಮ್ಯಾಲ ಬೇಕಾದಷ್ಟು ಅದ’ ಎಂದರು. ಕಸಬರಿಗೆ ಹಿಡಿದು ಬಸ್ಸಿನ ಮೇಲೆ ಹತ್ತಿ ಒಂದು ಮೊರದಷ್ಟು ಅಸಲಿ ದೇವದುರ್ಗವನ್ನು ಗುಡಿಸಿ ತಂದೆ. ದೊಡ್ಡ ಸಾಹೇಬರು ಮಡ್‌ಗಾರ್ಡಿನ ಮೇಲೆ ಬೆರಳು ಓಡಿಸಿ, ಬೆರಳನ್ನು ಬಿಸಿಲಿಗೆ ಹಿಡಿದು ನೋಡಿ, ಇದು ದೌರಾ ಎಂದು ಒಪ್ಪಿದರಂತೆ.

ಆಮೇಲಿನದನ್ನು ಬರೆಯಲು ಸಂಕೋಚವಾಗುತ್ತದೆ. ಹದಿನೈದು ದಿನದಲ್ಲಿ ನಾಲ್ಕು ಇಲಾಖೆಗಳ ಮೋಟಾರುಗಳು ನನ್ನ ಚಪ್ಪರಕ್ಕೆ ಬಂದವು, ಒಂದೂ ತೊಳೆಯಲಿಕ್ಕೆ ಬರಲಿಲ್ಲ. ಒಬ್ಬರಿಗೆ ಎರಡು ದಿನದ ಲಿಂಗಸುಗೂರು ಬೇಕು, ಇನ್ನೊಬ್ಬರಿಗೆ ಹಗುರವಾಗಿ ಒಂದು ಮಧ್ಯಾಹ್ನದ ಮಾನ್ವಿ ಸಾಕು. ಎಲ್ಲರೂ ನನ್ನನ್ನು ‘ಉಸ್ತಾದ್’ ಎಂದರು. ಧೂಳು ತೆಗೆಯುವವನಿಗೆ ಸಿಗದ ಮರ್ಯಾದೆ ಧೂಳು ಹಚ್ಚುವವನಿಗೆ ಸಿಕ್ಕಿತು. ಅಂಗಡಿ ನಿಲ್ಲುವ ಲಕ್ಷಣ ಕಾಣಿಸಿತು. ಗೋಪಮ್ಮ ಮಾತ್ರ ಹಲಗೆಯ ಕಡೆ ಬೆರಳು ಮಾಡಿ, ‘ಅದನ್ನ ತಲಿ ಕೆಳಗ ಮಾಡಿ ತೂಗಹಾಕು, ಆಗ ಸರಿ ಹೋಗ್ತದ’ ಎಂದು ನಕ್ಕಳು. ನನ್ನ ಮೇಣದ ಡಬ್ಬಿಯ ಮುಚ್ಚಳ ತುಕ್ಕು ಹಿಡಿಯಿತು.

ಇದೇ, ಮಾನ್ಯರೇ, ನನ್ನ ದೂರು. ತಾವು ನನ್ನ ಶತ್ರುವಾಗಿರಬೇಕೆಂದು ನಂಬಿ ಅಂಗಡಿ ತೆರೆದವನಿಗೆ ತಾವು ಭಾಗೀದಾರರಾಗಿ ಬಂದಿರಿ. ಬಂದವರು ನೆಟ್ಟಗೆ ನಡೆದುಕೊಳ್ಳಬಾರದೇ? ದಯಮಾಡಿ ಊರೂರಿಗೆ ತಮ್ಮ ಬಣ್ಣವನ್ನು ಇನ್ನಷ್ಟು ಬೇರೆ ಬೇರೆ ಇಟ್ಟುಕೊಳ್ಳಬೇಕು, ಕವಿತಾಳಕ್ಕೂ ಮಲ್ಲಟಕ್ಕೂ ಇರುವ ವ್ಯತ್ಯಾಸ ಗುರುತಿಸುವುದರಲ್ಲಿ ನನ್ನ ಕಣ್ಣು ಹೋಗುತ್ತಿದೆ. ಮಳೆಗಾಲದಲ್ಲಿ ಕೆಸರಾಗಿ ರಜೆ ಹೋಗುವ ಮುಂಚೆ ಬದಲಿಗೆ ಯಾರನ್ನಾದರೂ ನೇಮಿಸಬೇಕು. ಹೋಗದ ಮೋಟಾರಿನ ಮೇಲೆ ಕೂರುವಾಗ ತಮಗೂ ತುಸು ನಾಚಿಕೆಯಾಗಿ ಕೆಂಪಾದರೆ, ಆ ಬಣ್ಣ ದೇವದುರ್ಗಕ್ಕೆ ಉಪಯೋಗಕ್ಕೆ ಬರುತ್ತದೆ.

ಇನ್ನು ಈ ವಾರದ ವಿಷಯ. ಅದೇ ಸಾಹೇಬರಿಗೆ ಮಲ್ಲಟದ ದೌರಾ ಬೇಕಾಯಿತು. ಬಿಸಿಲಿಗೆ ಹೋಗುವ ಮನಸ್ಸಿರಲಿಲ್ಲ. ಮಲ್ಲಟದಿಂದ ಬಸ್ಸು ಬರುವುದಿಲ್ಲ, ಆ ಧೂಳು ಅಲ್ಲಿಂದಲೇ ಬರಬೇಕು, ದೊಡ್ಡ ಸಾಹೇಬರ ಬೆರಳು ಈಗ ಪಳಗಿದೆ ಎಂದು ತಾಯಣ್ಣನಿಗೆ ಹೇಳಿದೆ. ಕೆಲಸ ಸರಿಯಾಗಿರಲಿ ಎಂದು ಹೇಳಿದೆನೇ ಹೊರತು ಬೇರೆ ಉದ್ದೇಶವಿರಲಿಲ್ಲ; ಸಾಹೇಬರು ಅಲ್ಲಿ ಏನನ್ನು ನೋಡಬೇಕಾಗಿತ್ತು ಎಂಬುದು ನನಗೆ ಗೊತ್ತಿರಲಿಲ್ಲ. ಸಾಹೇಬರು ಮನೆಯಲ್ಲೇ ಉಳಿದು ತಾಯಣ್ಣನ ಸಂಗಡ ಖಾಲಿ ಮೋಟಾರನ್ನು ಕಳಿಸಿಕೊಟ್ಟರು.

ಅಲ್ಲಿ ನೋಡಬೇಕಾಗಿದ್ದದ್ದು ಒಂದು ಬಾವಿ. ಮಲ್ಲಟದ ಕೇರಿಯ ಬಾವಿ ಹಿಂದಿನ ಮಳೆಗಾಲದಲ್ಲೇ ಕುಸಿದು ಮುಚ್ಚಿಹೋಗಿದೆ. ಮೇಲಿನ ಓಣಿಯ ಬಾವಿಗೆ ಕೇರಿಯವರು ಹಗ್ಗ ಇಳಿಸುವಂತಿಲ್ಲ, ಯಾರಾದರೂ ಸೇದಿ ಹೊಯ್ಯುವವರೆಗೆ ಕೊಡ ಇಟ್ಟುಕೊಂಡು ದೂರ ನಿಲ್ಲಬೇಕು. ಮೂರು ಅರ್ಜಿಗಳಿಗೂ ಸಾಹೇಬರು ಖುದ್ದಾಗಿ ಬಂದು ನೋಡುವರು ಎಂಬ ಉತ್ತರ ಬಂದಿತ್ತು. ಹೀಗಾಗಿ ಮೋಟಾರು ಕಂಡದ್ದೇ ಕೇರಿಯೆಲ್ಲ ಓಡಿ ಬಂದು, ಒಳಗೆ ಸಾಹೇಬರನ್ನು ಹುಡುಕಲು ಬಾಗಿಲಿಗೆ, ಬಾನೆಟ್ಟಿಗೆ, ಗಾಜಿಗೆ ಅಂಗೈ ಊರಿ ಬಗ್ಗಿ ಬಗ್ಗಿ ಇಣುಕಿತು. ತಾಯಣ್ಣ ಮೋಟಾರಿಗೆ ಹಾಕಲು ಒಂದು ಚರಿಗೆ ನೀರು ಕೇಳಿದ. ಕರೆಮ್ಮ ಎಂಬ ಮುದುಕಿ, ‘ಅದ ಇಲ್ಲಂತ ಅರ್ಜಿ ಕೊಟ್ಟೀವಲ್ಲೋ ತಮ್ಮಾ’ ಎಂದು ಹೇಳಿ, ಹಿಂದಿನ ಸೀಟಿನಲ್ಲಿ ಹತ್ತಿ ಕುಳಿತಳು. ಇಳಿಯೆಂದರೆ ಇಳಿಯಲಿಲ್ಲ.

ರಾಯಚೂರಿನ ಬಂಗಲೆಯ ಮುಂದೆ ಇಳಿದವಳು ಸಾಹೇಬರಿಗೆ ಕೈಮುಗಿದು, ‘ನಿಮ್ಮ ಮೋಟಾರು ಬಂದಿತ್ರೀ ಯಪ್ಪಾ, ನೀವು ಬರ್ಲಿಲ್ಲ. ನಾವು ಮೋಟಾರಿಗೇ ಬಾವಿ ತೋರಿಸಿದ್ವಿ. ಅದು ಏನೂ ಅನ್ಲಿಲ್ಲ’ ಎಂದಳು.

ಗುರುವಾರ ದೊಡ್ಡ ಸಾಹೇಬರು ಮತ್ತೆ ಬರುತ್ತಾರೆ. ಈಗ ಮೋಟಾರಿನ ಮೇಲೆ ತಾವಿದ್ದೀರಿ, ತಮ್ಮ ಮೇಲೆ ಮಲ್ಲಟದವರ ಅಂಗೈಗಳಿವೆ. ಒಳಗೆ ಯಾರೂ ಇರಲಿಲ್ಲ ಎಂಬುದನ್ನು ಹೇಳಲು ಕರೆಮ್ಮ ಊರಿಗೆ ಹೋಗದೆ ನನ್ನ ಚಪ್ಪರದಲ್ಲಿ ಕುಳಿತಿದ್ದಾಳೆ. ಆದ್ದರಿಂದ ಇಂದು ಬೆಳಗ್ಗೆ ಅಪ್ಪಣೆಯಾಯಿತು: ಬುಧವಾರ ಸಂಜೆಯೊಳಗೆ ಮೋಟಾರು ಕನ್ನಡಿಯಾಗಬೇಕು. ಅದು ವಾರವಿಡೀ ರಿಪೇರಿಗೆ ಹೋಗಿತ್ತು ಎಂದು ಸಾಹೇಬರು ಹೇಳುವರು. ಮಾಡಿಕೊಟ್ಟರೆ ಇಲಾಖೆಯ ಮೂರೂ ಮೋಟಾರುಗಳು ವರ್ಷವಿಡೀ ನನ್ನವು, ಧೂಳು ಹಚ್ಚಲು ಅಲ್ಲ, ತೊಳೆಯಲಿಕ್ಕೆ.

ಮಾನ್ಯರೇ, ದೀಪಾವಳಿಯಿಂದ ನಾನು ಕಾದದ್ದು ಈ ಒಂದು ಮಾತಿಗೆ. ಅರ್ಧ ದಿನದ ಕೆಲಸ. ಬಟ್ಟೆ ನೆನೆಸಿ ಎಡಗಡೆಯ ಬಾಗಿಲ ಮುಂದೆ ಕುಳಿತೆ. ಅಂಗೈಗಳು ಒಟ್ಟು ಮೂವತ್ತೊಂದು. ಕೆಲವು ಬಹಳ ಕೆಳಗಿವೆ, ಒಂದಕ್ಕೆ ನಡುವಿನ ಬೆರಳಿಲ್ಲ. ಬಟ್ಟೆ ಹಿಂಡಿ ಹಗ್ಗದ ಮೇಲೆ ಒಣಹಾಕಿ ಬಂದೆ.

ತಾಯಣ್ಣನಿಗೆ, ಇದು ಕಪ್ಪು ಮಣ್ಣು, ಮೇಣಕ್ಕೆ ಕಚ್ಚಿಕೊಂಡಿದೆ, ಶುಕ್ರವಾರಕ್ಕೆ ಮುಂಚೆ ಬಿಡುವುದಿಲ್ಲ ಎಂದೆ. ‘ಮೇಣದ ಮ್ಯಾಲ ಧೂಳು ನಿಲ್ಲೂದಿಲ್ಲಂತ ನೀನ ಹೇಳಿದ್ದೆಲ್ಲೋ’ ಎಂದ. ‘ಮಲ್ಲಟದ್ದು ನಿಲ್ತದ’ ಎಂದೆ. ಅವನು ಮೋಟಾರನ್ನೊಮ್ಮೆ, ನನ್ನನ್ನೊಮ್ಮೆ ನೋಡಿ, ‘ಅಂಗಡಿ ಹೋಗ್ತದ ನೋಡಪಾ’ ಎಂದು ಬೀಡಿ ಹಚ್ಚಿಕೊಂಡು ಹೊರಟುಹೋದ. ಗೋಪಮ್ಮ ಎಲ್ಲವನ್ನೂ ಕೇಳುತ್ತ ನಿಂತಿದ್ದಳು. ಬೈಗುಳಕ್ಕೆ ಸಿದ್ಧನಾಗಿದ್ದೆ. ಅವಳು ಅಂಟುವಾಳದ ನೊರೆಯಿದ್ದ ಬಕೀಟನ್ನು ಬೇವಿನ ಬುಡಕ್ಕೆ ಸುರಿದು, ಬೋರಲು ಹಾಕಿ, ಸೆರಗಿನಿಂದ ಒರೆಸಿ, ‘ಕೂಡ್ರು ಯವ್ವಾ, ಗುರುವಾರ ಇನ್ನೂ ದೂರ ಅದ’ ಎಂದು ಕರೆಮ್ಮನ ಮುಂದೆ ಇಟ್ಟಳು.

ಇಷ್ಟೆಲ್ಲ ದೂರಿದವನು ಕಡೆಗೆ ತಮ್ಮಲ್ಲೇ ಬೇಡುತ್ತಿದ್ದೇನೆ. ಎರಡು ದಿನ ಗಾಳಿಯ ಮಾತಿಗೆ ಮರುಳಾಗದೆ ಆ ಮೂವತ್ತೊಂದು ಅಂಗೈಗಳ ಸುತ್ತ ಇದ್ದಲ್ಲೇ ಇರಬೇಕು. ಸ್ಟೇಷನ್ ರಸ್ತೆಯ ತಮ್ಮ ಬಂಧುಗಳು ಬಂದು ಅವುಗಳ ಮೇಲೆ ಕೂರದಂತೆ ನೋಡಿಕೊಳ್ಳಬೇಕು. ಶುಕ್ರವಾರ ನಾನೇ ಮೆತ್ತನೆಯ ಬಟ್ಟೆ ಹಿಡಿದು ತಮ್ಮನ್ನು ಬೀಳ್ಕೊಡುತ್ತೇನೆ, ಆಗ ನನಗೆ ಅಂಗಡಿ ಇದ್ದರೂ ಸರಿ, ಇಲ್ಲದಿದ್ದರೂ ಸರಿ.

ತಮ್ಮನ್ನು ತೊಳೆಯಲು ಹೊರಟು ತಮ್ಮ ಕಾವಲಿಗೆ ಕುಳಿತಿರುವ,
ತಮ್ಮ ವಿಶ್ವಾಸಿ,
ಉರುಕುಂದಪ್ಪ

ತಾ.ಕ.: ಇಂದು ಗುರುವಾರ, ಹಲಗೆಯ ಮೇಲಿನ ಪತ್ರದ ಅಡಿಯಲ್ಲೇ ಇದನ್ನು ಸೇರಿಸುತ್ತಿದ್ದೇನೆ. ದೊಡ್ಡ ಸಾಹೇಬರಿಗಿಂತ ಮುಂಚೆ ಅವರ ಮೋಟಾರು ನನ್ನ ಚಪ್ಪರಕ್ಕೆ ಬಂತು. ನಡೆಸುವವರು ಜಿಲಾನಿ ಪಾಷಾ. ದೊಡ್ಡ ಸಾಹೇಬರ ಮೇಲೆಯೂ ಒಬ್ಬರಿದ್ದಾರಂತೆ, ಅವರು ನಾಳೆ ಬರುತ್ತಾರಂತೆ. ಅವರಿಗೆ ತೋರಿಸಲು ಅರ್ಧ ದಿನದ ಮಲ್ಲಟದ ಧೂಳು ಸಿಕ್ಕೀತೇ ಎಂದು ಮೆಲ್ಲಗೆ ಕೇಳಿದರು. ಆ ಮಾಲು ಅಂಗಡಿಯಲ್ಲಿ ಇಡುವುದಿಲ್ಲ, ಹೋಗಿಯೇ ತರಬೇಕು ಎಂದೆ. ದಾರಿ ಗೊತ್ತಿಲ್ಲ ಎಂದರು. ಅವರು ಹಿಂದಿರುಗಿ ನೋಡುವಷ್ಟರಲ್ಲಿ ಕರೆಮ್ಮ ಮುಂದಿನ ಸೀಟಿನಲ್ಲಿ ಕುಳಿತಾಗಿತ್ತು: ‘ನಡಿ ತಮ್ಮಾ, ಮೊದಲ ನಿಮ್ಮ ಸಾಹೇಬ್ರ ಹತ್ರ. ಈ ಸಲ ಖಾಲಿ ಮೋಟಾರು ಒಲ್ಲೆವು.’