ಸಾಣೆ ಹಿಡಿಯಲು ಹೋಗಿ ಕಳಕೊಂಡ ಮಾನ

ಚೂರಿ, ಕುಡಗೋಲು ಮಸೆಯುವ ಹುಚ್ಚು ಹಿಡಿದು ನನಗೆ ಆರು ವರ್ಷವಾಯಿತು. ಈ ಆರು ವರ್ಷದಲ್ಲಿ ನಾನು ಹರಿತ ಮಾಡಿದ ಅಲಗುಗಳಿಗಿಂತ ತಲೆ ತಗ್ಗಿಸಿದ ಪ್ರಸಂಗಗಳೇ ಹೆಚ್ಚು. ಒಂದನ್ನು ಮರೆಯುವಷ್ಟರಲ್ಲಿ ಇನ್ನೊಂದು ಆಗಿಯೇ ಇರುತ್ತದೆ.

ಹೊಟ್ಟೆಪಾಡಿಗೆ ನಾನು ವಾಡಿಯ ಒಂದು ಕಾರ್ಖಾನೆಯಲ್ಲಿ ಫಿಟ್ಟರ್. ದಿನವಿಡೀ ಕಬ್ಬಿಣದ ನಡುವೆ ಇರುವವನಿಗೆ ಕಬ್ಬಿಣ ತಿಳಿಯದೇ ಎಂಬ ಅಹಂಕಾರ. ಮೊಬೈಲಿನಲ್ಲಿ ವಿಡಿಯೊ ನೋಡಿ, ಮೂರು ನಮೂನೆಯ ಮಸೆಗಲ್ಲು ತರಿಸಿ, ಮನೆಯ ಮುಂದೆ ಕುಳಿತು ಬಂದುಹೋದವರಿಗೆಲ್ಲ ಈ ಉಕ್ಕು ಮೆತ್ತಗೆ, ಆ ಉಕ್ಕು ಗಡಸು ಎಂದು ಪಾಠ ಹೇಳುತ್ತಿದ್ದೆ. ಅಲ್ಪವಿದ್ಯಾ ಮಹಾಗರ್ವಿ ಎಂದು ಹಿರಿಯರು ಅಂದದ್ದು ನನ್ನಂಥವನನ್ನು ನೋಡಿಯೇ ಇರಬೇಕು. ನನ್ನ ವಿದ್ಯೆಯನ್ನು ಪೂರಾ ನಂಬಿದ್ದವರು ಒಬ್ಬರೇ, ಸೇಡಂ ಕಡೆಯ ಮುಧೋಳದಲ್ಲಿ ಹೊಲ ಮಾಡುವ ನನ್ನ ಮಾವ. ಆ ಒಂದು ನಂಬಿಕೆಯಾದರೂ ಉಳಿಯಲಿ ಎಂಬುದು ನನ್ನ ಆಸೆಯಾಗಿತ್ತು.

ಜಾಡಿಯ ತಳ

ಪಕ್ಕದ ಮನೆಯವರು ರೈಲ್ವೆಯಲ್ಲಿ ಗಾರ್ಡ್ ಆಗಿ ನಿವೃತ್ತರಾದವರು. ಬೆಳಿಗ್ಗೆ ತಿರುಗಾಡಲು ಹೋಗುವಾಗ ಬೇವಿನ ಕಡ್ಡಿ ಕೊಯ್ಯಲೆಂದು ಜೇಬಿನಲ್ಲಿ ಮಡಚುವ ಚೂರಿ ಇಟ್ಟುಕೊಳ್ಳುತ್ತಾರೆ. ಅದು ಮೊಂಡಾದಾಗಲೆಲ್ಲ ಮನೆಯ ಶಹಾಬಾದ ಕಲ್ಲಿನ ಮೆಟ್ಟಿಲಿಗೆ ಉಜ್ಜುತ್ತಿದ್ದರು. ನನಗೆ ನೋಡಲಾಗಲಿಲ್ಲ.

"ಅದು ನೆಲಕ್ಕ ಹಾಸೋ ಕಲ್ಲರಿ. ನಿಮ್ಮ ಚೂರಿ ಸ್ಟೇನ್‌ಲೆಸ್ ಸ್ಟೀಲಿಂದು. ಅದರ ಲೆಕ್ಕಾನೇ ಬ್ಯಾರೆ ಅದ. ಕೊಡ್ರಿ ಇಲ್ಲಿ," ಎಂದು ಹೆಚ್ಚುಕಮ್ಮಿ ಕಸಿದುಕೊಂಡೆ.

ಭಾನುವಾರ ಇಡೀ ಮಸೆದು, ಕನ್ನಡಿಯಂತೆ ಹೊಳೆಯಿಸಿ ಕೊಟ್ಟೆ. ಅವರು ಕಡ್ಡಿಗೆ ಹಿಡಿದರೆ ಚೂರಿ ಜಾರಿತು. ಇನ್ನೊಮ್ಮೆ ಹಿಡಿದರು, ಮತ್ತೆ ಜಾರಿತು. "ಮೊದಲು ಕೊಯ್ತಿತ್ತರಿ," ಎಂದರು ಮೆಲ್ಲಗೆ. ಬೈದಿದ್ದರೂ ಅಷ್ಟು ನಾಚಿಕೆಯಾಗುತ್ತಿರಲಿಲ್ಲ. ಆ ಉಕ್ಕನ್ನು ಮಸೆದಾಗ ಅಂಚಿನಲ್ಲಿ ಕಣ್ಣಿಗೆ ಕಾಣದಂಥ ಎಳೆಯೊಂದು ಅಂಟಿಕೊಂಡು ಉಳಿಯುತ್ತದೆ, ಅದನ್ನು ತೆಗೆಯದೆ ಚೂರಿ ಕೊಯ್ಯುವುದಿಲ್ಲ ಎಂಬುದು ನನಗೆ ಆಗ ಗೊತ್ತಿರಲಿಲ್ಲ.

ಅವರ ಹೆಂಡತಿಗೆ ಗೊತ್ತಿತ್ತು. ಒಳಗಿನಿಂದ ಉಪ್ಪಿನಕಾಯಿಯ ಖಾಲಿ ಪಿಂಗಾಣಿ ಜಾಡಿ ತಂದು ಬೋರಲು ಹಾಕಿದರು. ಅದರ ತಳದ ಒರಟು ಅಂಚಿಗೆ ಚೂರಿಯನ್ನು ಆ ಮಗ್ಗುಲು ನಾಲ್ಕು ಸಲ, ಈ ಮಗ್ಗುಲು ನಾಲ್ಕು ಸಲ ಎಳೆದರು. ಕಡ್ಡಿ ಕಚಕ್ಕನೆ ತುಂಡಾಯಿತು. ಆಮೇಲೆ ನನ್ನ ಮಸೆಗಲ್ಲನ್ನು ತಿರುವಿ ಮುರುವಿ ನೋಡಿ, "ಕಲ್ಲು ಚಂದ ಅದ. ಇದರಾಗ ಉಪ್ಪಿನಕಾಯಿ ಹಾಕಲಿಕ್ಕಾದರೂ ಬರ್ತದೇನ್ರಿ?" ಎಂದು ಕೇಳಿದರು.

ಬೋಳು ಕೈ

ಅಲಗು ಹರಿತವಾಗಿದೆಯೋ ಇಲ್ಲವೋ ನೋಡಲು ಮುಂಗೈ ಕೂದಲು ಬೋಳಿಸಿ ನೋಡುವುದು ನಮ್ಮಂಥ ಮಸೆಯುವವರ ಪದ್ಧತಿ. ಬಲಗೈಯಲ್ಲಿ ಚೂರಿ ಹಿಡಿಯುವವನಾದ್ದರಿಂದ ನನ್ನ ಎಡಗೈ ಸದಾ ಬೋಳು. ಬಲಗೈಯಲ್ಲಿ ಮಾತ್ರ ಕರಡಿಯ ಕೂದಲು.

ಒಮ್ಮೆ ಜ್ವರ ಬಂದು ಚಿತ್ತಾಪುರದ ಡಾಕ್ಟರ ಹತ್ತಿರ ಹೋದೆ. ನಾಡಿ ನೋಡಲು ಕೈ ಹಿಡಿದವರು ಜ್ವರ ಬಿಟ್ಟು ಬೋಳು ಎಡಗೈಯನ್ನೇ ನೋಡತೊಡಗಿದರು.

"ಇದು ಎಷ್ಟು ದಿನದಿಂದ ಅದ?"

"ಭಾಳ ದಿನ ಆತ್ರಿ."

"ಮನ್ಯಾಗ ಮತ್ತ ಯಾರಿಗಾದರೂ ಅದ ಏನು?"

ಹೊರಗಿನ ಬೆಂಚಿನವರೆಲ್ಲ ಕತ್ತು ಉದ್ದ ಮಾಡಿದ್ದರು. ಅಷ್ಟು ಜನರ ಮುಂದೆ, ಕುಡಗೋಲಿನಿಂದ ನಾನೇ ಬೋಳಿಸಿಕೊಳ್ಳುತ್ತೇನೆ ಎಂದು ಹೇಗೆ ಹೇಳಲಿ? ಅವರು ಬರೆದ ಮುಲಾಮನ್ನು ಸುಮ್ಮನೆ ಹಚ್ಚಿಕೊಂಡೆ. ಆ ಹದಿನೈದು ದಿನ ಏನೂ ಮಸೆಯಲಿಲ್ಲ, ಕೂದಲು ಬಂತು. ಡಾಕ್ಟರು ಖುಷಿಯಾಗಿ ಎರಡನೆಯ ಟ್ಯೂಬ್ ಬರೆದುಕೊಟ್ಟರು. ಅದನ್ನೂ ಹಚ್ಚಿಕೊಂಡೆ.

ಸಿಟ್ಟಿನ ಕಬ್ಬಿಣ

ಗೆಳೆಯರೆಲ್ಲ ಚಿಂಚೋಳಿ ಅಡವಿಯ ಕಡೆ ಊಟ ಕಟ್ಟಿಕೊಂಡು ಹೋಗಿದ್ದೆವು. ನಾನು ಆನ್‌ಲೈನಿನಲ್ಲಿ ತರಿಸಿದ ಅಡವಿ ಚೂರಿಯೊಂದನ್ನು ಸೊಂಟಕ್ಕೆ ಕಟ್ಟಿಕೊಂಡಿದ್ದೆ. ಭಾಳ ಗಡಸು ಉಕ್ಕು, ವರ್ಷಗಟ್ಟಲೆ ಮೊಂಡಾಗುವುದಿಲ್ಲ ಎಂದು ದಾರಿಯುದ್ದಕ್ಕೂ ಹೇಳಿದ್ದೆ. ಅದರ ಅಂಚನ್ನು ಹಾಳೆಯಷ್ಟು ತೆಳ್ಳಗೆ ಮಸೆದದ್ದು ನನ್ನ ಸ್ವಂತ ಸಾಧನೆ. ಚಹಾ ಕಾಸಲು ಒಣ ಜಾಲಿ ಕೊರಡಿಗೆ ಒಂದು ಏಟು ಹಾಕಿದೆ. ಟಣ್ ಎಂದಿತು. ಅಂಚಿನಿಂದ ಉಗುರಿನಷ್ಟು ತುಂಡು ಮುರಿದು ಹಾರಿತ್ತು.

ಆಡು ಕಾಯುತ್ತಿದ್ದ ಮುದುಕಿಯೊಬ್ಬಳು ಹತ್ತಿರ ಬಂದು ತನ್ನ ತುಕ್ಕು ಹಿಡಿದ ಕುಡಗೋಲಿನಿಂದ ಕಟ್ಟಿಗೆಯನ್ನೆಲ್ಲ ಸವರಿ ಕೊಟ್ಟಳು. ನನ್ನ ಚೂರಿಯನ್ನು ಬೆರಳಿನಿಂದ ಮುಟ್ಟಿ ನೋಡಿ, "ಇದು ಸಿಟ್ಟಿನ ಕಬ್ಬಿಣ ಅದ ತಮ್ಮಾ. ನಂದು ಬಾಗತದ, ಮುರಿಯಂಗಿಲ್ಲ," ಎಂದಳು. ಆಮೇಲೆ ಪಾಪ ಅನಿಸಿತೋ ಏನೋ, "ಒಗೀಬ್ಯಾಡ. ಹಪ್ಪಳ ಮುರೀಲಿಕ್ಕೆ ಬರ್ತದ," ಎಂದು ಸಮಾಧಾನ ಹೇಳಿದಳು.

ಮಾವನ ಕುಡಗೋಲು

ಇದನ್ನು ಹೇಳಲು ಈಗಲೂ ನಾಚಿಕೆಯಾಗುತ್ತದೆ.

ಮಾವನ ಕುಡಗೋಲು ಸೇಡಂನ ಕಂಬಾರರೊಬ್ಬರು ಲಾರಿಯ ಹಳೆಯ ಕಮಾನು ಪಟ್ಟಿಯನ್ನು ಬಡಿದು ಮಾಡಿಕೊಟ್ಟದ್ದು. ಮೂವತ್ತು ವರ್ಷ ತೊಗರಿ ಕೊಯ್ದ ಅಲಗು. ಮಾವ ಅದನ್ನು ಅತ್ತೆಗೂ ಮುಟ್ಟಗೊಡುತ್ತಿರಲಿಲ್ಲ. ಅಂಥದ್ದನ್ನು ಬಟ್ಟೆಯಲ್ಲಿ ಸುತ್ತಿ, "ತೊಗರಿ ಕೊಯ್ಲಿಗೆ ಬಂದದ ಅಳಿಯಂದ್ರ. ನಿಮ್ಮ ಕೈಲೆ ಒಂದೀಟು ಮಸದು ಕೊಡ್ರಿ," ಎಂದು ನನ್ನ ಕೈಗಿತ್ತರು.

ಕಲ್ಲಿನ ಮೇಲೆ ಮಸೆದಿದ್ದರೆ ಎರಡು ತಾಸಿನ ಕೆಲಸ. ನನಗೆ ಅವಸರ. ವರ್ಕ್‌ಶಾಪಿನ ಗ್ರೈಂಡರಿಗೆ ಹಿಡಿದೆ. ಕಿಡಿ ಹಾರುವುದನ್ನು ನೋಡುತ್ತ ನಿಂತವನು ನೀರಿನಲ್ಲಿ ಅದ್ದುವುದನ್ನು ಮರೆತೆ. ಅಂಚು ನೀಲಿಗೆ ತಿರುಗಿತು. ಉಕ್ಕು ನೀಲಿಯಾದರೆ ಹದ ಹೋಗಿ ಮೆತ್ತಗಾಯಿತೆಂದು ಅರ್ಥ, ಅದು ನಿನ್ನೆ ಕೆಲಸಕ್ಕೆ ಸೇರಿದವನಿಗೂ ಗೊತ್ತು. ನಾನು ಮಾಡಿದ್ದೇನು? ಪಾಲಿಶ್ ಕಾಗದದಿಂದ ನೀಲಿ ಬಣ್ಣವನ್ನು ತಿಕ್ಕಿ ತೆಗೆದು, ಎಣ್ಣೆ ಸವರಿ, ಮಹಾ ಕೆಲಸ ಮಾಡಿದವನಂತೆ ಮರಳಿ ಕೊಟ್ಟೆ.

ಕೊಯ್ಲಿನ ದಿನ ನಾನೂ ಹೆಂಡತಿಯೂ ಹೊಲಕ್ಕೆ ಹೋಗಿದ್ದೆವು. ಮಾವ ನಾಲ್ಕು ಗಿಡ ಕೊಯ್ಯುವಷ್ಟರಲ್ಲಿ ಅಂಚು ಮಡಚಿಕೊಂಡಿತು. ಎಳೆದರು, ಜಗ್ಗಿದರು, ಬೆವರಿದರು. ಕೂಲಿಯ ಹೆಂಗಸರು ಅವರನ್ನು ದಾಟಿ ಅರ್ಧ ಸಾಲು ಮುಂದೆ ಹೋಗಿದ್ದರು. ಮಾವ ಬದುವಿನ ಮೇಲೆ ಕುಳಿತು ತಮ್ಮ ಕೈ ನೋಡಿಕೊಂಡರು.

"ಕುಡಗೋಲು ಅಳಿಯಂದ್ರು ಮಸದಾರ, ಅದಕ್ಕೇನೂ ಆಗಿಲ್ಲ. ನನ್ನ ರಟ್ಟ್ಯಾಗ ಕಸುವು ಹೋಗ್ಯಾದ. ಮುಂದಿನ ವರ್ಷ ಹೊಲ ಪಾಲಿಗೆ ಕೊಟ್ಟುಬಿಡ್ತೀನಿ," ಎಂದರು.

ಹೆಂಡತಿ ನನ್ನ ಮುಖ ನೋಡಿದಳು. ಅವಳಿಗೆ ನನ್ನ ಮುಖ ಓದಲು ಬರುತ್ತದೆ. "ಏನು ಮಾಡೀರಿ? ಹೇಳ್ರಿ," ಎಂದಳು.

ಎದ್ದು ನಿಂತು, ನೆಲ ನೋಡುತ್ತ ಹೇಳಿದೆ. "ಮಾವಾ, ನಿಮ್ಮ ರಟ್ಟ್ಯಾಗ ಕಸುವು ಇನ್ನೂ ಅದರಿ. ತಪ್ಪು ನಂದು. ಗ್ರೈಂಡರಿಗೆ ಹಿಡಿದು ಕುಡಗೋಲು ಸುಟ್ಟೀನಿ. ನಿಮಗ ಹೇಳಲಾರದೆ ಮುಚ್ಚಿಟ್ಟೀನಿ."

ಬೈಗುಳಕ್ಕೆ ತಲೆ ಒಡ್ಡಿ ನಿಂತೆ. ಮಾವ ಕುಡಗೋಲಿನ ಮಡಚಿದ ಅಂಚನ್ನು ಬೆರಳಿನಿಂದ ಮುಟ್ಟಿ ನೋಡಿದರು.

"ಖರೇನ?"

"ಖರೇನೇ ರಿ."

ಮಾವ ಚಂಗನೆ ಎದ್ದರು. ಒಬ್ಬ ಹೆಂಗಸಿನ ಕುಡಗೋಲು ಇಸಿದುಕೊಂಡು ಸರಸರನೆ ಒಂದು ಸಾಲು ಮುಗಿಸಿದರು. ಸಾಲಿನ ತುದಿಯಲ್ಲಿ ನೆಟ್ಟಗೆ ನಿಂತು, ಪಕ್ಕದ ಹೊಲದವರಿಗೂ ಕೇಳುವಂತೆ, "ಅಳಿಯಂದ್ರ, ತಪ್ಪು ಯಾರದಂದ್ರಿ?" ಎಂದು ಕೂಗಿದರು.

"ನಂದೇರಿ ಮಾವಾ."

ಮಾವನಿಗೆ ಹತ್ತು ವರ್ಷ ಇಳಿದಂತಾಯಿತು. ಎರಡನೆಯ ಸಾಲು ಮುಗಿಯಿತು. ಮತ್ತೆ ಅದೇ ಪ್ರಶ್ನೆ, ಮತ್ತೆ ಅದೇ ಉತ್ತರ. ಪಕ್ಕದ ಹೊಲದವರು ಕೆಲಸ ನಿಲ್ಲಿಸಿ ಬದುವಿಗೆ ಬಂದು ಕುಳಿತರು. ಐದೆಕರೆ ಹೊಲದಲ್ಲಿ ಅಷ್ಟೊಂದು ಸಾಲು ಇರುತ್ತವೆಂದು ನನಗೆ ಅವತ್ತೇ ತಿಳಿದದ್ದು. ಹೊತ್ತು ಇಳಿಯುವಾಗ ಕೊನೆಯ ಸಾಲು ಮುಗಿಸಿ ಮಾವ ಮತ್ತೆ ಕೂಗಿದರು. ನಾನು ಬಾಯಿ ತೆರೆಯುವ ಮೊದಲೇ ಹೊಲದ ಹೆಂಗಸರೆಲ್ಲ, ನನ್ನ ಹೆಂಡತಿ ಸಮೇತ, ಒಂದೇ ದನಿಯಲ್ಲಿ ಅಂದರು:

"ಅಳಿಯಂದ್ರದೇರಿ."